ಅಡುಗೆಮನೆಯ ಮೇಲಿನ ಶೌಚಾಲಯವನ್ನು ಇದ್ದಲ್ಲೇ ಉಳಿಸುವ ಬಗ್ಗೆ

ಇಂದ,
ಎವಾರಿಸ್ಟೊ ಬ್ರಿಟೊ,
ಮಾರ್ಗದರ್ಶಿ (ಹಗಲು ಲಾವಾ, ಸಂಜೆ ನಕ್ಷತ್ರ),
ಹಾಲಿ ವಿಳಾಸ: ತಂಗಿಯ ಮನೆಯ ಹಿಂದಿನ ಕೋಣೆ.
ಖಾಯಂ ವಿಳಾಸ: ಲಾ ಹಿಗೆರಿಲ್ಯಾ ಗ್ರಾಮ, ಆರಾಳು ಆಳದಲ್ಲಿ, ಲಾ ಪಾಲ್ಮಾ ದ್ವೀಪ.

ಗೆ,
ಶ್ರೀಮತಿ ಇದಾಯ್ರಾ ಲೊರೆನ್ಸೊ ಅವರು,
ವ್ಯವಸ್ಥಾಪಕರು, 'ಆರಿದ ದೀಪ' ಪ್ರವಾಸ ಸಂಸ್ಥೆ.

ಮಾನ್ಯರೇ,

ವಿಷಯ: ಸಂಸ್ಥೆಯ ಶೌಚಾಲಯವನ್ನು ನನ್ನ ತಾಯಿಯ ಅಡುಗೆಮನೆಯ ಮೇಲಿಂದ ತೆಗೆಯಬೇಕೆಂದು ಕೋರಿದ್ದ ಅರ್ಜಿಯನ್ನು ಹಿಂಪಡೆದು, ತೆಗೆಯಬಾರದೆಂದು ಕೋರುವ ಬಗ್ಗೆ.

ಉಲ್ಲೇಖ: ೧. ಸದರಿ ಶೌಚಾಲಯವನ್ನು ಒಂದು ಬಸ್ಸಿನ ಉದ್ದದಷ್ಟು ಪೂರ್ವಕ್ಕೆ ಸರಿಸಲು ಕೋರಿದ ನನ್ನ ಅರ್ಜಿ.
೨. 'ಸರಿಸಬಾರದು' ಎಂದು ಬಸ್ ಚಾಲಕ ಫೆರ್ಮಿನ್ ತಾನ್ಯೊ ಸಲ್ಲಿಸಿದ ತಕರಾರು.
೩. 'ಸರಿಸಲೇಬೇಕು' ಎಂದು ಅದೇ ಫೆರ್ಮಿನ್ ತಾನ್ಯೊ ಕಳೆದ ಸೋಮವಾರ ಸಲ್ಲಿಸಿದ ಅರ್ಜಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಪರ್ವತ ಬಾಯಿಬಿಟ್ಟ ವರ್ಷ ನಮ್ಮ ಊರು ಲಾವಾದ ಅಡಿಗೆ ಹೋಗಿದ್ದು ತಮಗೆ ತಿಳಿದೇ ಇದೆ. ಅದು ಆರಿದ ಮೇಲೆ ಆ ಬಯಲಿನಲ್ಲಿ ಸಮತಟ್ಟಾಗಿದ್ದದ್ದು ಒಂದೇ ಜಾಗ. ಕಾರಣ ಸಂಸ್ಥೆಯು ಅಲ್ಲಿ ಪ್ರವಾಸದ ನಾಲ್ಕನೇ ನಿಲುಗಡೆಯನ್ನು ಸ್ಥಾಪಿಸಿತು. ನಿಲುಗಡೆ ಅಂದ ಮೇಲೆ ಶೌಚಾಲಯ ಬೇಕು, ಆದ್ದರಿಂದ ಹಸಿರು ಪ್ಲಾಸ್ಟಿಕ್ಕಿನ ಒಂದನ್ನು ತಂದಿಟ್ಟಿತು. ಆಮೇಲೆ ಸರ್ಕಾರದ ಸರ್ವೆಯವರು ಯಾರ ಜಮೀನು ಎಲ್ಲಿತ್ತೆಂದು ಗೂಟ ಹೊಡೆಯುತ್ತಾ ಬಂದು, ಶೌಚಾಲಯದ ಎದುರು ನಿಂತು ನಕ್ಷೆ ನೋಡಿ, ನನ್ನ ಮುಖ ನೋಡಿ, ಗೂಟವನ್ನು ಕೆಳಗಿಟ್ಟರು. ಅದು ನಮ್ಮ ಅಡುಗೆಮನೆ. ಇನ್ನೂ ಖಚಿತವಾಗಿ ಹೇಳಬೇಕೆಂದರೆ, ಒಲೆ.

೨. ಅಂದಿನಿಂದ ನನ್ನ ಕರ್ತವ್ಯದ ಪರಿ ಹೀಗಿದೆ. ನಾನು ಶೌಚಾಲಯಕ್ಕೆ ಬೆನ್ನು ಹಾಕಿ ನಿಂತು, "ನಿಮ್ಮ ಕಾಲ ಕೆಳಗೆ ಒಂದು ಊರು ಮಲಗಿದೆ" ಎನ್ನುತ್ತೇನೆ. ಪ್ರವಾಸಿಗರು ಟೋಪಿ ತೆಗೆಯುತ್ತಾರೆ. ಕೆಲವರ ಕಣ್ಣು ತುಂಬುತ್ತದೆ. ಆಮೇಲೆ ಅವರೇ ಸಾಲಾಗಿ ನಿಲ್ಲುತ್ತಾರೆ. ಅವರನ್ನು ದೂರಿ ಫಲವಿಲ್ಲ, ಮೂರನೇ ನಿಲುಗಡೆಯಲ್ಲಿ ವೈನ್ ಕುಡಿಸುವವರು ನಾವೇ. ಕತ್ತಲಾದ ಮೇಲೂ ಬಿಡುಗಡೆಯಿಲ್ಲ. ವೃಶ್ಚಿಕ ರಾಶಿ ಏಳುವುದು ಸರಿಯಾಗಿ ಅದರ ನೆತ್ತಿಯ ಮೇಲೆ. ಜ್ಯೇಷ್ಠಾ ನಕ್ಷತ್ರ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಶೌಚಾಲಯದ ಮಾಡಿನಿಂದ ಎರಡು ಗೇಣು ಎಡಕ್ಕೆ" ಎಂದು ಹೇಳುವ ಅನಿವಾರ್ಯತೆ ನನ್ನದಾಗಿದೆ.

೩. ಆದ್ದರಿಂದ ಉಲ್ಲೇಖ (೧)ರ ಅರ್ಜಿ ಬರೆದೆ. ಪೂರ್ವಕ್ಕೆ ಒಂದು ಬಸ್ಸಿನ ಉದ್ದ ಸರಿಸಿದರೆ ಫೆರ್ಮಿನ್‌ನ ಮಲಗುವ ಕೋಣೆಯ ಮೇಲೆ ಬರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ ಎಂದು ಹೇಳಿದರೆ ತಾವು ನಂಬುವುದಿಲ್ಲ, ಹಾಗಾಗಿ ಹೇಳುವುದಿಲ್ಲ. ಫೆರ್ಮಿನ್ ನಮ್ಮ ಪಕ್ಕದ ಮನೆಯವನು. ನಡುವೆ ಇದ್ದ ಅಂಜೂರದ ಮರ ಯಾರದ್ದೆಂಬ ಜಗಳ ನಮ್ಮಪ್ಪ, ಅವರಪ್ಪ ಇಬ್ಬರನ್ನೂ ಮಣ್ಣಿಗೆ ಕಳಿಸಿದೆ. ಮರ ಸುಟ್ಟುಹೋಗಿದೆ, ಗೋಡೆ ಮುಳುಗಿದೆ, ಜಗಳ ಮಾತ್ರ ಲಾವಾದ ಮೇಲೆ ಎದ್ದು ಬಂದಿದೆ.

"ಏನಯ್ಯಾ ಎವಾರಿಸ್ಟೊ, ನನ್ನ ಹಾಸಿಗೆ ಮೇಲೆ ಜರ್ಮನಿಯವರನ್ನ ಕೂರಿಸ್ತೀಯಾ?" ಎಂದ ಬಸ್ಸಿನಲ್ಲಿ, ಎಲ್ಲರ ಎದುರಿಗೆ.

"ನಮ್ಮಮ್ಮನ ಒಲೆ ಮೇಲೆ ಕೂರಬಹುದಾ ಹಾಗಾದ್ರೆ?"

"ಕೂತಾಗಿದೆಯಲ್ಲ. ಕೂತವರನ್ನ ಎಬ್ಬಿಸಬಾರದು ಕಣಯ್ಯಾ, ಪಾಪ."

೪. ಈ ನಡುವೆ ನನ್ನ ತಾಯಿ ದೊನ್ಯಾ ಒಬ್ದುಲಿಯಾ ಅವರು ಮನೆ ಇದ್ದ ಜಾಗ ನೋಡಬೇಕೆಂದು ಹಟ ಹಿಡಿದರು. ಇವತ್ತು ಬಿಸಿಲು, ನಾಳೆ ಗಾಳಿ ಎಂದು ನಾನು ದಿನ ತಳ್ಳಿದೆ. "ಮನೆಗೆ ಮಾರಿ, ಪರರಿಗೆ ಉಪಕಾರಿ ನೀನು. ಊರೂರಿನವರಿಗೆಲ್ಲ ನನ್ನ ಮನೆ ತೋರಿಸ್ತೀಯ, ನನಗೆ ತೋರಿಸಲ್ಲ" ಎಂದು ಬೈದು, ತಾವೇ ಹೋಗಿ ಸಂಸ್ಥೆಯ ಕಚೇರಿಯಲ್ಲಿ ಟಿಕೆಟ್ ಕೊಂಡರು. ಕಳೆದ ಶನಿವಾರ ಕಪ್ಪು ಉಡುಪು, ಕೈಚೀಲ, ಒಂದು ಡಬ್ಬಿ ಬಾದಾಮಿ ಉಂಡೆ ಸಮೇತ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ನನಗೆ ಅತ್ತ ದರಿ ಇತ್ತ ಪುಲಿ.

ನಾಲ್ಕನೇ ನಿಲುಗಡೆಯಲ್ಲಿ ಇಳಿದವರೇ, "ಎಲ್ಲೋ ಮನೆ?" ಎಂದರು. ನಾನು ದೂರದ ಒಂದು ಮರ್ಯಾದಸ್ಥ ದಿಬ್ಬವನ್ನು ತೋರಿಸಿದೆ.

"ಅದು ಫೆರ್ಮಿನ್‌ನ ಹಂದಿಗೂಡು. ಹೆತ್ತ ತಾಯಿಗೇ ಟೋಪಿ ಹಾಕ್ತೀಯೇನೋ?" ಎಂದವರು, ಸಮುದ್ರದಲ್ಲಿರುವ ಬಂಡೆಯನ್ನು ನೋಡಿದರು, ಹಿಂದೆ ತಿರುಗಿ ಪರ್ವತ ನೋಡಿದರು. "ಪಾತ್ರೆ ತೊಳೀತಾ ನಿಂತ್ರೆ ಆ ಬಂಡೆ ನನ್ನ ಎಡಗೈ ಹತ್ರ ಬರ್ತಿತ್ತು." ಎಡಗೈ ಚಾಚಿಕೊಂಡೇ ನಡೆದರು. ನಡೆದು ಶೌಚಾಲಯದ ಬಾಗಿಲಿಗೆ ಬಂದು ನಿಂತರು. ಫೆರ್ಮಿನ್‌ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಗುತ್ತಿದ್ದ.

ತಾಯಿಯವರು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಹೊರಗೆ ಸಾಲು ಬೆಳೆಯಿತು. ಕತ್ತಲಾಯಿತು. ನಾನು ವೃಶ್ಚಿಕ ಮುಗಿಸಿದೆ, ಧನುಸ್ಸು ಮುಗಿಸಿದೆ, ಆ ದಿಕ್ಕಿನಲ್ಲಿ ಹೇಳಲು ಬೇರೆ ನಕ್ಷತ್ರ ಉಳಿಯಲಿಲ್ಲ. ಪ್ರವಾಸಿಗರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಆದ್ದರಿಂದ ಬಾಗಿಲು ತಟ್ಟಿದೆ.

"ಯಾರು?"

"ನಾನಮ್ಮ. ಜನ ಕಾಯ್ತಾ ಇದಾರೆ."

"ಕಾಯ್ತಿದ್ರೆ ಕೂರಕ್ಕೆ ಹೇಳು. ನನ್ನ ಮನೇಲಿ ನಾನು ಇಷ್ಟ ಬಂದಷ್ಟು ಹೊತ್ತು ಇರ್ತೀನಿ."

ಮಾನ್ಯರೇ, ಒಳಗೆ ಅವರು ಅಳುತ್ತಿದ್ದರು. ಊರು ಬಿಟ್ಟ ದಿನ ಅಳಲಿಲ್ಲ, ತಂಗಿಯ ಮನೆಯಲ್ಲಿ ಅಳಲಿಲ್ಲ, ಅಲ್ಲಿ ಅತ್ತರು. ಹೊರಗೆ ನಾನೂ ಅತ್ತೆ. ನಕ್ಷತ್ರ ಕಾಣಲೆಂದು ರಾತ್ರಿಯ ಬೆಳಕಿಗೆ ಮಿತಿ ಹಾಕಿರುವ ನಮ್ಮ ದ್ವೀಪದ ಆಕಾಶದ ಕಾನೂನಿನ ಪ್ರಕಾರ ನಾವು ಮಂದ ಕೆಂಪು ದೀಪ ಮಾತ್ರ ಬಳಸುವುದರಿಂದ ಅದು ಗ್ರಾಹಕರ ಗಮನಕ್ಕೆ ಬಂದಿಲ್ಲ ಎಂದು ಈ ಮೂಲಕ ದೃಢೀಕರಿಸುತ್ತೇನೆ.

ಕೊನೆಗೆ ಬಾಗಿಲು ತೆರೆಯಿತು. ಅವರು ಬಗ್ಗಿ ನೆಲ ಮುಟ್ಟಿ ನೋಡಿದರು. ಅಲ್ಲಿ ನೆಲ ಇನ್ನೂ ಬೆಚ್ಚಗಿದೆ. ಸಂಸ್ಥೆಯೇ ಕಾಯಿಸಿಡುತ್ತದೆಂದು ಪ್ರವಾಸಿಗರು ಹೊಗಳಿ ಬರೆಯುತ್ತಿರುವುದೂ ಇದರಿಂದಲೇ.

"ಒಲೆ ಆರಿಲ್ಲ ಕಣೋ" ಎಂದರು. ಮೂಗು ಒರೆಸಿಕೊಂಡು ಸುತ್ತ ನೋಡಿದರು. "ನಿಮ್ಮಪ್ಪ ಸಾಯೋವರೆಗೂ ಮಹಡಿ ಕಟ್ಟಿಸ್ತೀನಿ, ಮನೆಯೊಳಗೇ ಕಕ್ಕಸು ಮಾಡಿಸ್ತೀನಿ ಅಂತ ಹೇಳಿ ಹೇಳಿ ಹೋದ. ಈಗ ಎರಡೂ ಆಗಿದೆ. ಆ ಮನುಷ್ಯನಿಗೆ ಒಂದು ಪರ್ವತಾನೇ ಬೇಕಾಯ್ತು ನೋಡು."

ಆಮೇಲೆ ಅವರು ಬಸ್ ಹತ್ತಲಿಲ್ಲ. ಬಾಗಿಲ ಪಕ್ಕ ನಿಂತು, ಸಾಲಿನಲ್ಲಿ ಮೊದಲಿದ್ದ ಜರ್ಮನ್ ಹೆಂಗಸಿಗೆ, "ಬಾಮ್ಮ, ಬಾ, ಸಂಕೋಚ ಪಡಬೇಡ. ಮನೆ ಚಿಕ್ಕದು, ಏನೂ ಅಂದ್ಕೋಬೇಡ" ಎಂದರು. ಹೊರಗೆ ಬಂದವರಿಗೆಲ್ಲ ಕೈ ತೊಳೆಸಿ ಒಂದೊಂದು ಉಂಡೆ ಕೊಟ್ಟರು. ಆ ಹೆಂಗಸು ಮಾತು ಅರ್ಥವಾಗದೆಯೂ ಅವರ ಕೆನ್ನೆಗೆ ಮುತ್ತಿಟ್ಟಳು. ಅಷ್ಟು ದಿನದ ನಂತರ ನಮ್ಮ ಮನೆಗೆ ನೆಂಟರು ಬಂದಿದ್ದರು.

೫. ಇದನ್ನು ನೋಡಿ ಫೆರ್ಮಿನ್ ನಗು ನಿಲ್ಲಿಸಿದ. ಸೋಮವಾರ ಉಲ್ಲೇಖ (೩)ರ ಅರ್ಜಿ ಕೊಟ್ಟ. ಅದರಲ್ಲಿ ಅವನದೆಂಬ ಒಂದು ಮಾತೂ ಇಲ್ಲ. ನನ್ನ ಹಳೆಯ ಅರ್ಜಿಯನ್ನೇ ನಕಲು ಮಾಡಿ, "ಎವಾರಿಸ್ಟೊ ಕೇಳಿದಂತೆ ಪೂರ್ವಕ್ಕೆ ಸರಿಸಿರಿ, ನನ್ನ ಅಭ್ಯಂತರವಿಲ್ಲ" ಎಂದು ಸಹಿ ಹಾಕಿದ್ದಾನೆ. ಕೇಳಿದ್ದಕ್ಕೆ, "ನನ್ನ ಹೆಂಡತಿಗೂ ಮನೆ ಇತ್ತಲ್ಲಯ್ಯಾ" ಎಂದ. ಇತ್ತು, ನಿಜ. ಆದರೂ ಒಲೆ ಒಲೆಯೇ, ಹಾಸಿಗೆ ಹಾಸಿಗೆಯೇ.

ಆದ್ದರಿಂದ, ನಾನೇ ತೋಡಿದ ಗುಂಡಿಗೆ ನಾನೇ ಬೀಳುವ ಮುನ್ನ, ನನ್ನ ಹಿಂದಿನ ಅರ್ಜಿಯನ್ನು ಬರೆದೇ ಇಲ್ಲವೆಂದು ಪರಿಗಣಿಸಬೇಕಾಗಿಯೂ, ಫೆರ್ಮಿನ್‌ನ ಎರಡನೇ ಅರ್ಜಿಯನ್ನು ತಿರಸ್ಕರಿಸಿ ಮೊದಲನೆಯದನ್ನು ಪುರಸ್ಕರಿಸಬೇಕಾಗಿಯೂ, ಅವನ ಹೆಂಡತಿಗಾಗಿ ಪೂರ್ವಕ್ಕೆ ಬೇರೆಯದೇ ಒಂದು ಶೌಚಾಲಯ ಮಂಜೂರು ಮಾಡಬೇಕಾಗಿಯೂ ಕೋರುತ್ತೇನೆ. ವೈನ್ ಕುಡಿದ ಒಂದು ಬಸ್ ಜನಕ್ಕೆ ಎರಡು ಹೆಚ್ಚಾಗಲಾರದು.

ತಮ್ಮ ವಿಶ್ವಾಸಿ,
ಹಾಗೂ ತಮ್ಮ ಶೌಚಾಲಯದ ಕೆಳಮಹಡಿಯ ವಾರಸುದಾರ,
ಎವಾರಿಸ್ಟೊ ಬ್ರಿಟೊ

ಲಗತ್ತುಗಳು:
೧. ಸರ್ವೆ ನಕ್ಷೆಯ ಪ್ರತಿ (ಒಲೆಯನ್ನು ತಾಯಿಯವರು ಕೈಯಾರೆ ಗುರುತಿಸಿದ್ದಾರೆ).
೨. ಬಾಗಿಲಲ್ಲಿ ನಿಂತ ತಾಯಿಯವರ ಭಾವಚಿತ್ರ (ಕೆಂಪು ದೀಪದಲ್ಲಿ ತೆಗೆದದ್ದು, ಕೋಪವೆಂದು ಭಾವಿಸಬಾರದು).
೩. ಬಾದಾಮಿ ಉಂಡೆ, ಒಂದು ಡಬ್ಬಿ (ತಲುಪಿಸುವವನು ಫೆರ್ಮಿನ್ ಆದ ಕಾರಣ ಸಂಖ್ಯೆ ನಮೂದಿಸಿಲ್ಲ).

ವಿಶೇಷ ಸೂಚನೆ: ತಾಯಿಯವರು ಬರುವ ಶನಿವಾರವೂ ಬರುವವರಿದ್ದಾರೆ, ಟಿಕೆಟ್ ಕೊಳ್ಳುವುದಿಲ್ಲ ಎಂದಿದ್ದಾರೆ. ಬಾಗಿಲ ಮೇಲೆ ಸಂಸ್ಥೆಯು 'ಗ್ರಾಹಕರಿಗೆ ಮಾತ್ರ' ಎಂದು ಫಲಕ ಹಾಕಿದೆ. ಅದರ ಕೆಳಗೆ, ಚಿಕ್ಕ ಅಕ್ಷರದಲ್ಲಾದರೂ ಸರಿಯೇ, 'ಮತ್ತು ಮನೆಯವರಿಗೆ' ಎಂದು ಸೇರಿಸಿ ಕೊಡಬೇಕಾಗಿ ವಿನಂತಿ.