ಮಣ್ಣು ಮಾರಿದ ಹುಡುಗ

ಫೋನು ಎತ್ತುವ ಒಂದು ದಿನದ ಕೆಲಸಕ್ಕೆ ಅವನನ್ನು ದಬ್ಬಿದವಳು ಚಿಕ್ಕಮ್ಮ. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ಪರೀಕ್ಷೆಯ ಅಂಕಗಳು ಅವನಿಗೆ ಸರಿಯಾಗಿ ಕೈಕೊಟ್ಟಿದ್ದವು. ಡಾಕ್ಟರಾಗು ಎಂದು ಸೋದರಮಾವ ಹೇಳಿದ್ದಕ್ಕೆ ಅದಕ್ಕೆ ಅರ್ಜಿ ಹಾಕಿದ್ದ. ಎಂಜಿನಿಯರಿಂಗೇ ವಾಸಿ ಎಂದು ಪಕ್ಕದ ಮನೆಯವರು ಹೇಳಿದ್ದಕ್ಕೆ ಅದಕ್ಕೂ ಹಾಕಿದ್ದ. ಎರಡೂ ಕಡೆಯವರು ವಿಷಾದ ತಿಳಿಸಿ ಕೈತೊಳೆದುಕೊಂಡಿದ್ದರು. ಇನ್ನು ಉಳಿದದ್ದು ವಿಶ್ವವಿದ್ಯಾಲಯದ ಕೊನೆಯ ಸುತ್ತು. ಎಲ್ಲರೂ ಆರಿಸಿಕೊಂಡು ಮಿಕ್ಕ ಸೀಟುಗಳನ್ನು ಒಂದೇ ದಿನದಲ್ಲಿ, ಫೋನಿನಲ್ಲೇ, ಕೇಳಿದವರಿಗೆ ಹಂಚಿ ಮುಗಿಸುವ ಸುತ್ತು ಅದು. ಸಂಜೆ ಐದಕ್ಕೆ ಬಾಗಿಲು ಹಾಕಿದರೆ ಈ ವರ್ಷದ ಮಟ್ಟಿಗೆ ಕತೆ ಮುಗಿಯಿತು. ಆಮೇಲೆ ಇದ್ದದ್ದೇ, ಭಾವನ ಟೈರು ಅಂಗಡಿ. ಸೋಮವಾರದಿಂದ ಬಂದು ಪಂಕ್ಚರ್ ಹಾಕುವುದು ಕಲಿಯಲಿ ಎಂದು ಭಾವ ಆಗಲೇ ಅವನ ಅಳತೆಯ ನೀಲಿ ಅಂಗಿ ತಂದಿಟ್ಟಿದ್ದರು. ಆ ಅಂಗಿಯನ್ನು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಹಾಗಾದರೆ ನಿನಗೆ ಯಾವ ಕೋರ್ಸು ಬೇಕಪ್ಪ ಎಂದು ಯಾರಾದರೂ ಕೇಳಿದರೆ ಬೆಬ್ಬೆಬ್ಬೆ ಎನ್ನುತ್ತಿದ್ದ.

"ಏನು ಬೇಕೂಂತ ಗೊತ್ತಿಲ್ಲದೋನು ಫೋನ್ ಮಾಡಿ ಏನಂತ ಕೇಳ್ತೀಯ?" ಎಂದಳು ಚಿಕ್ಕಮ್ಮ. "ಫೋನ್ ಎತ್ತೋಕೆ ಅಲ್ಲಿ ಒಂದು ದಿನಕ್ಕೆ ಜನ ಬೇಕಂತೆ. ಹೋಗಿ ಕೂತ್ಕೋ. ಯಾವ ಸೀಟು ಖಾಲಿ ಇದೆ ಅಂತ ಊರಿಗಿಂತ ಮೊದಲು ನಿನಗೇ ಗೊತ್ತಾಗುತ್ತೆ."

ವಿಶ್ವವಿದ್ಯಾಲಯದ ಹಿಂದಿನ ಬೀದಿಯಲ್ಲೇ ಅವಳ ಹೊಲಿಗೆ ಅಂಗಡಿ. ಅಳತೆ ಕೊಡಲು ಬಂದವರು ಸುದ್ದಿಯನ್ನೂ ಕೊಟ್ಟೇ ಹೋಗುತ್ತಿದ್ದರು.

ಹಾಗೆ ಅವನು ಬೆಳಗ್ಗೆಯೇ ಹೋಗಿ ಉದ್ದನೆಯ ಒಂದು ಹಾಲಿನಲ್ಲಿ ಕುಳಿತ. ಮೇಜಿಗೊಂದು ಫೋನು, ಫೋನಿಗೊಂದು ಪರದೆ. ಒಂದು ದಿನದ ಕೆಲಸದವರ ಹೆಸರು ಕೇಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಮೇಜಿನ ಸಂಖ್ಯೆಯೇ ಹೆಸರಾಯಿತು. ಅವನು ಹನ್ನೊಂದು. ಬಲಗಡೆ ಹನ್ನೆರಡರಲ್ಲಿ ನಿವೃತ್ತ ಟೀಚರಮ್ಮ. ಎರಡು ಫೋನುಗಳ ನಡುವೆ ಸ್ವೆಟರ್ ಹೆಣೆಯುತ್ತ, ಸಿಕ್ಕಿದವರನ್ನೆಲ್ಲ 'ಮಗು' ಎಂದು ಕರೆಯುತ್ತಿದ್ದರು. ಎದುರಿಗೆ ಎತ್ತರದ ಕುರ್ಚಿಯಲ್ಲಿ ಮೇಲ್ವಿಚಾರಕರು. ಅವರ ಮುಂದೆ ಒಂದು ಹಿತ್ತಾಳೆಯ ಗಂಟೆ. ಒಂದೊಂದು ಸೀಟು ತುಂಬಿದಾಗಲೂ ಅವರು ಅದನ್ನು ಬಾರಿಸುತ್ತಿದ್ದರು, ತಾವೇ ಒಂದು ಮಗುವನ್ನು ಹೆತ್ತಷ್ಟು ಸಂತೋಷದಿಂದ.

"ಬಡಿಸೋರು ನಮ್ಮೋರಾದ್ರೆ ಯಾವ ಪಂಕ್ತೀಲಿ ಕೂತ್ರೇನು ಅನ್ನೋ ಆಟ ಇಲ್ಲಿ ನಡೆಯಲ್ಲ," ಎಂದು ಅವರು ಮೊದಲೇ ಎಚ್ಚರಿಸಿದರು. ಈ ಮೇಜುಗಳಿಂದ ತನಗೋ ತನ್ನವರಿಗೋ ಸೀಟು ಹಾಕಿಕೊಂಡರೆ ಆ ಸೀಟು ರದ್ದು. ಬೇಕಿದ್ದವರು ಹೊರಗಿನಿಂದ ಎಲ್ಲರ ಹಾಗೆ ಫೋನು ಮಾಡಿ ಸರದಿಯಲ್ಲಿ ಕಾಯಬೇಕು. ಆದರೆ ಕೆಲಸದ ಹೊತ್ತಿನಲ್ಲಿ ಫೋನು ಮಾಡಲು ಎದ್ದು ಹೋದವರು ಹಾಗೇ ಮನೆಗೂ ಹೋಗಬಹುದು. ಚಿಕ್ಕಮ್ಮನ ಉಪಾಯ ಕುರ್ಚಿ ಬಿಸಿಯಾಗುವ ಮೊದಲೇ ಮಗುಚಿಬಿತ್ತು.

ಮಧ್ಯಾಹ್ನದೊಳಗೆ ಹೆಸರಿದ್ದ ಕೋರ್ಸುಗಳೆಲ್ಲ ಭರ್ತಿಯಾದವು. ಒಂದೇ ಒಂದು ಸಾಲನ್ನು ಮಾತ್ರ ಯಾರೂ ಮೂಸಿ ನೋಡಿರಲಿಲ್ಲ. ಅದು ಮಣ್ಣು ವಿಜ್ಞಾನ. ಏನೂ ಸಿಗದವರಿಗೆ ಮಣ್ಣು ಕೊಡಿ ಎಂದು ಮೇಲ್ವಿಚಾರಕರು ಅಪ್ಪಣೆ ಮಾಡಿದರು. ಮಿಕ್ಕ ಮೇಜಿನವರು ಅದನ್ನು ಹಾಗೆಯೇ ಹೇಳಿದರು. ಕೇಳಿದವರು ಪಟ್ಟನೆ ಫೋನು ಇಟ್ಟರು. ತಲೆಯಲ್ಲಿ ಇರುವುದೇ ಸಾಕು, ಪುಸ್ತಕದಲ್ಲೂ ಬೇಡ ಎಂದು ಒಬ್ಬ ತಂದೆ ಮಗನನ್ನು ಅಲ್ಲೇ ಬೈದದ್ದೂ ಕೇಳಿಸಿತು.

ಹನ್ನೊಂದರ ಪಾಲಿಗೆ ಬಂದದ್ದು ಅಳುತ್ತಿದ್ದ ಒಬ್ಬ ಹುಡುಗಿ. ಡಾಕ್ಟರಾಗುವ ಆಸೆ ಮಣ್ಣುಪಾಲಾಗಿ ಬಿಕ್ಕುತ್ತಿದ್ದಳು. ಯಾರಾದರೂ ಅತ್ತರೆ ತಡೆದುಕೊಳ್ಳುವ ಶಕ್ತಿ ಅವನಿಗಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ: "ಡಾಕ್ಟರು ಒಂದು ಸಲಕ್ಕೆ ಒಬ್ಬರ ನಾಡಿ ಹಿಡೀತಾರೆ ಅಷ್ಟೇ. ಮಣ್ಣಿನ ನಾಡಿ ಹಿಡಿದೋರು ಊರಿಗೆ ಊರನ್ನೇ ಬದುಕಿಸ್ತಾರೆ."

ಬಿಕ್ಕು ನಿಂತಿತು. ಹುಡುಗಿ, ಆ ಸೀಟು ನನಗೇ ಇರಲಿ ಎಂದಳು. ಗಂಟೆ ಮೊಳಗಿತು. ಮೇಲ್ವಿಚಾರಕರು ಕನ್ನಡಕದ ಮೇಲಿನಿಂದ ಅವನನ್ನು ಮೊದಲ ಬಾರಿಗೆ ಮನುಷ್ಯನೆಂಬಂತೆ ನೋಡಿದರು.

ಹೊಗಳಿಕೆಯ ರುಚಿ ಹತ್ತಿದ ಮೇಲೆ ಕೇಳಬೇಕೆ? ಮೇಜಿನ ಖಾನೆಯಲ್ಲಿ ಆ ವಿಭಾಗದವರದೇ ಒಂದು ಹಳೆಯ ಕಿರುಹೊತ್ತಿಗೆ ಬಿದ್ದಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಓದುತ್ತ ಓದುತ್ತ ಹೇಳತೊಡಗಿದ. ಒಂದು ಚಮಚ ಮಣ್ಣಿನಲ್ಲಿ ಭೂಮಿಯ ಮೇಲಿನ ಜನಕ್ಕಿಂತ ಹೆಚ್ಚು ಜೀವಗಳಿವೆ ಎಂದ. ಬೆರಳು ದಪ್ಪದ ಮಣ್ಣು ಆಗಬೇಕಾದರೆ ಎಷ್ಟು ತಲೆಮಾರು ಕಳೆಯಬೇಕೆಂದ. ಹೊತ್ತಿಗೆಯಲ್ಲಿ ಇಲ್ಲದ್ದನ್ನು ತಾನೇ ಸೇರಿಸಿದ. ತಿರುಗಾಟದ ಹುಚ್ಚಿನವನಿಗೆ ತಿಂಗಳಿಗೊಂದು ಬೆಟ್ಟ ಹತ್ತಿಸುತ್ತಾರೆ ಎಂದ. ಕವಿತೆ ಬರೆಯುವವಳಿಗೆ ಮಣ್ಣಿನಷ್ಟು ಹಳೆಯ ಕವಿತೆ ಇನ್ನೊಂದಿಲ್ಲ ಎಂದ. ಲೆಕ್ಕಕ್ಕೆ ಹೆದರುವವನಿಗೆ, ಮಣ್ಣಿನಲ್ಲಿ ಎಂಥ ಲೆಕ್ಕ ಮಾರಾಯ ಎಂದುಬಿಟ್ಟ. ಗಂಟೆಗೆ ಬಿಡುವೇ ಇಲ್ಲದಂತಾಯಿತು. ಮೇಲ್ವಿಚಾರಕರು ಚಹಾ ತರಿಸಿ ಅವನ ಮೇಜಿನ ಮೇಲೆ ತಾವೇ ಇಟ್ಟರು. ಹಿಂದೆಮುಂದೆ ನೋಡುವವರ ಫೋನುಗಳೆಲ್ಲ ಇನ್ನು ಮುಂದೆ ಹನ್ನೊಂದಕ್ಕೇ ಬರಲಿ ಎಂದು ಸಾರಿದರು.

ಊರಿಗೆಲ್ಲ ಬುದ್ಧಿ ಹೇಳಿದ ಮಾತು ತನ್ನ ಕಿವಿಗೂ ಬೀಳುತ್ತದಲ್ಲ! ಮೂರು ಗಂಟೆಯ ಸುಮಾರಿಗೆ ಅವನಿಗೆ ಏನೋ ಆಯಿತು. ಕಿಟಕಿಯ ಹೊರಗಿನ ಹೂದೋಟದಲ್ಲಿ ಮಾಲಿಯೊಬ್ಬ ಪಾತಿ ಅಗೆಯುತ್ತಿದ್ದ. ಮೇಲೆ ಒಣಗಿ ಬೂದಿಯಂತಿದ್ದ ನೆಲ, ಸಲಿಕೆ ಇಳಿದಂತೆ ಕಪ್ಪಗೆ, ತಂಪಗೆ, ಹೊಳೆಯುತ್ತ ಎದ್ದು ಬರುತ್ತಿತ್ತು. ಅದರಲ್ಲಿ ಏನೇನು ಓಡಾಡುತ್ತಿದೆಯೋ, ಎಷ್ಟು ಕಾಲದ್ದೋ ಎಂದುಕೊಂಡ. ಕಿವಿಯಲ್ಲಿ ಫೋನು ಮಾತಾಡುತ್ತಿದ್ದರೂ ಕಣ್ಣು ಅಲ್ಲಿಂದ ಕೀಳಲಾಗಲಿಲ್ಲ. ಹುಟ್ಟಿದಾಗಿನಿಂದ ಮೊದಲ ಬಾರಿಗೆ, ಯಾರೂ ಹೇಳದೆ, ಅವನಿಗೆ ಒಂದು ವಿಷಯ ಓದಬೇಕೆನಿಸಿತು. ತಾನು ಹುಡುಕುತ್ತಿದ್ದ ಕೋರ್ಸು ಇದೇ ಎಂದು ಅವನಿಗೆ ಖಂಡಿತವಾಗಿ ಗೊತ್ತಾಯಿತು.

ಪರದೆ ನೋಡಿದ. ಬೆಳಗ್ಗೆ ರಾಶಿ ಬಿದ್ದಿದ್ದ ಮಣ್ಣಿನ ಸೀಟುಗಳಲ್ಲಿ ಎರಡೇ ಎರಡು ಉಳಿದಿದ್ದವು. ತುಂಬಿಸಿದವನು ತಾನೇ. ಅಲ್ಲಿಯವರೆಗೆ ಹಿತವಾಗಿದ್ದ ಗಂಟೆ ಈಗ ಎದೆಯ ಮೇಲೆ ಬಾರಿಸಿದಂತಾಗತೊಡಗಿತು.

ಮುಂದಿನ ಫೋನಿಗೆ ವರಸೆ ಬದಲಿಸಿದ. ಉಗುರಿನಲ್ಲೆಲ್ಲ ಕೊಳೆ ಸೇರುತ್ತೆ, ಬಿಸಿಲಲ್ಲಿ ನಿಲ್ಲಬೇಕು, ಮದುವೆಗೆ ಹೆಣ್ಣೂ ಸಿಗಲಿಕ್ಕಿಲ್ಲ ಎಂದು ಹೆದರಿಸಿದ. ಇಷ್ಟು ಪ್ರಾಮಾಣಿಕವಾಗಿ ಮಾತಾಡುವವರನ್ನು ಈವತ್ತೇ ಕಂಡದ್ದು ಎಂದು ಆ ಹುಡುಗ ಮೆಚ್ಚಿ ಸೀಟು ತೆಗೆದುಕೊಂಡ. ಉಳಿದದ್ದು ಒಂದೇ ಒಂದು.

ಹನ್ನೊಂದು ಹೊಟ್ಟೆ ಹಿಡಿದುಕೊಂಡು ಎದ್ದ. ಮೇಲ್ವಿಚಾರಕರು ಬೇಗ ಬಾ ಎಂದು ಕೈ ಮಾಡಿದರು. ಕಾರಿಡಾರಿನಲ್ಲಿ ಜೆರಾಕ್ಸ್ ಯಂತ್ರದ ಹಿಂದೆ ನುಸುಳಿ ತನ್ನ ಫೋನಿನಿಂದ ಸೀಟು ಕೇಳುವ ಸಂಖ್ಯೆ ಒತ್ತಿದ. ನೀವು ಸರದಿಯಲ್ಲಿದ್ದೀರಿ ಎಂದು ಒಂದು ಹೆಣ್ಣು ದನಿ ಹೇಳಿತು. ಸಂಗೀತ ಹಾಕಿತು. ಮತ್ತೆ ಸರದಿಯಲ್ಲಿದ್ದೀರಿ ಎಂದಿತು. ಕೊನೆಗೊಮ್ಮೆ ಅವನ ಸರದಿ ಬಂದು ರಿಂಗಾಯಿತು. ಗಂಟಲು ಸರಿಮಾಡಿಕೊಂಡು ಕಾದರೆ, ಆ ಕಡೆ ಎತ್ತುವವರಿಲ್ಲ. ಗೋಡೆಯಾಚೆ ಹಾಲಿನಲ್ಲಿ ಯಾವುದೋ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವನ ತಲೆಗೆ ಹೊಳೆಯಿತು. ಇಡೀ ಹಾಲಿನಲ್ಲಿ ಬಿಡುವಾಗಿದ್ದದ್ದು ತನ್ನ ಮೇಜೊಂದೇ. ತನ್ನ ಫೋನು ಹೋಗಿ ತನ್ನ ಫೋನಿಗೇ ಬಿದ್ದಿತ್ತು.

ಓಡಿಹೋಗಿ ಎತ್ತಿದರೆ ಮಾತಾಡುವವನಿಲ್ಲ, ಇಲ್ಲೇ ನಿಂತರೆ ಎತ್ತುವವನಿಲ್ಲ. ಇಟ್ಟುಬಿಟ್ಟರೆ ಸರದಿ ಹೋಗುತ್ತದೆ. ಗೋಡೆಗೆ ಹಣೆ ಒತ್ತಿ ನಿಂತಿದ್ದಾಗ ಟಕ್ ಎಂದು ಸದ್ದಾಯಿತು.

"ಹೇಳು ಮಗು," ಎಂದಿತು ಹನ್ನೆರಡರ ದನಿ. ಪಕ್ಕದ ಮೇಜಿನ ಗಲಾಟೆ ತಾಳಲಾರದೆ ಟೀಚರಮ್ಮ ಕೈಚಾಚಿ ಎತ್ತಿದ್ದರು.

ದನಿ ತಗ್ಗಿಸಿ ಹೆಸರು, ಅರ್ಜಿ ಸಂಖ್ಯೆ ಹೇಳಿದ. ಹೆಸರು ಅವರಿಗೆ ಹೊಸದು. ಮಣ್ಣು ವಿಜ್ಞಾನ ಬೇಕು ಎಂದ. ಯಾಕಪ್ಪ ಎಂದು ಅವರು ಕೇಳಿದ್ದಕ್ಕೆ ಗಾಬರಿಯಲ್ಲಿ ನಾಡಿ, ಚಮಚ, ತಲೆಮಾರು ಎಲ್ಲವನ್ನೂ ಒಪ್ಪಿಸಿದ.

ಟೀಚರಮ್ಮ ನಿಟ್ಟುಸಿರುಬಿಟ್ಟರು. "ಇದೆಲ್ಲ ನಮ್ಮ ಹನ್ನೊಂದನೇ ಮೇಜಿನ ಹುಡುಗ ಬಿಡೋ ಬುರುಡೆ ಮಗು. ನಿನಗೆ ಯಾರೋ ಸ್ನೇಹಿತರು ಹೇಳಿರಬೇಕು. ಅವನಿಗೆ ಮಣ್ಣೂ ಗೊತ್ತಿಲ್ಲ, ಮಸಿಯೂ ಗೊತ್ತಿಲ್ಲ. ಅವನ ಮಾತು ಕಟ್ಕೊಂಡು ಬಾಳು ಹಾಳು ಮಾಡ್ಕೋಬೇಡ. ವಾಣಿಜ್ಯದಲ್ಲಿ ಯಾರೋ ಈಗ ತಾನೇ ಬಿಟ್ಟ ಸೀಟಿದೆ, ಹಾಕ್ಲಾ?"

"ಬೇಡ ಮೇಡಂ. ಅವನು ಅಷ್ಟೇನೂ ಕೆಟ್ಟವನಲ್ಲ."

"ನೀನು ಅವನನ್ನ ಕಂಡಿಲ್ಲ, ಅದಕ್ಕೇ ಹಾಗಂತೀಯ. ಸರಿ, ಅವನು ಹೇಳದೇ ಇರೋದು ಏನಾದ್ರೂ ಇದ್ರೆ ಹೇಳು. ಹಾಕ್ತೀನಿ."

ಬೆಳಗ್ಗೆಯಿಂದ ಅವನು ಹೇಳದೇ ಉಳಿಸಿದ್ದು ಏನಿತ್ತು? ಜೆರಾಕ್ಸ್ ಯಂತ್ರಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ.

"ಏನು ಓದ್ಲಿ ಅಂತ ಇಷ್ಟು ದಿನ ಎಲ್ರನ್ನೂ ಕೇಳ್ದೆ ಮೇಡಂ. ನನ್ನನ್ನ ಮಾತ್ರ ನಾನು ಕೇಳ್ಕೊಂಡಿರ್ಲಿಲ್ಲ. ಇವತ್ತು ಕೇಳ್ಕೊಂಡೆ. ಇದೊಂದೇ ಬಂತು. ಇದು ಸಿಗದಿದ್ರೆ ಸೋಮವಾರದಿಂದ ಟೈರು ಬಿಚ್ತೀನಿ. ಬಿಚ್ತಾ ಬಿಚ್ತಾ ಅದಕ್ಕೆ ಮೆತ್ಕೊಂಡಿರೋ ಮಣ್ಣನ್ನೇ ನೋಡ್ತಿರ್ತೀನಿ."

ಆ ಕಡೆ ಹೆಣೆಯುವ ಕಡ್ಡಿಗಳ ಸದ್ದು ನಿಂತಿತು. ಆಮೇಲೆ ಕೀಲಿಮಣೆಯ ಸದ್ದು. ಗೋಡೆಯಾಚೆಯಿಂದ ಗಂಟೆ ಕೇಳಿಸಿತು.

ಹನ್ನೊಂದು ಇದ್ದಲ್ಲೇ ಜಾರಿ ನೆಲದ ಮೇಲೆ ಕುಳಿತುಬಿಟ್ಟ. ಎಷ್ಟೋ ದಿನದಿಂದ ಒಳಗೆ ಸಿಕ್ಕಿಕೊಂಡಿದ್ದ ಉಸಿರು ಹೊರಗೆ ಬಂತು. ಅತ್ತನೋ ನಕ್ಕನೋ ಅವನಿಗೇ ತಿಳಿಯಲಿಲ್ಲ, ಮೈಯೆಲ್ಲ ಹತ್ತಿಯಷ್ಟು ಹಗುರವಾಗಿತ್ತು. ಮುಖ ತೊಳೆದು ಮೇಜಿಗೆ ಬಂದಾಗ, ನಿನ್ನ ಮಾತಿಗೆ ಮರುಳಾದ ಪಾಪದವನೊಬ್ಬನನ್ನು ಉಳಿಸಲು ನೋಡಿದೆ, ಕೈಲಾಗಲಿಲ್ಲ ಎಂದು ಟೀಚರಮ್ಮ ಮುನಿಸಿನಿಂದ ಹೇಳಿದರು. ಆ ಮುನಿಸೂ ಅವನಿಗೆ ಸಕ್ಕರೆಯಾಗಿತ್ತು.

ಐದಕ್ಕೆ ಫೋನುಗಳು ನಿಂತವು. ಮಣ್ಣು ವಿಭಾಗದ ಪ್ರೊಫೆಸರ್ ಮೇಡಂ ಖುದ್ದು ಕೆಳಗಿಳಿದು ಬರುತ್ತಿದ್ದಾರೆ, ತಮ್ಮ ಕ್ಲಾಸು ತುಂಬಿಸಿದವನನ್ನು ನೋಡಬೇಕಂತೆ ಎಂದು ಮೇಲ್ವಿಚಾರಕರು ಬೀಗುತ್ತ ಹೇಳಿದರು. ಹನ್ನೊಂದು ಅಂಗಿಯ ಕಾಲರು ಸರಿಮಾಡಿಕೊಂಡ. ಸೇರುವ ಮೊದಲೇ ಗುರುಗಳ ಮೆಚ್ಚುಗೆ. ಅದೃಷ್ಟ ಖುಲಾಯಿಸಿದರೆ ಹೀಗೇ ಎಂದುಕೊಂಡ.

ಬಂದವರು ಬೆಳ್ಳಿ ಕೂದಲಿನ, ಗಿಡ್ಡನೆಯ ಹೆಂಗಸು. ಮುಖ ಕೆಂಡವಾಗಿತ್ತು.

"ಯಾರ್ರೀ ಅವನು? ಮೂರು ವರ್ಷದಿಂದ ನಾಲ್ಕು ಜನ ಸೇರಿದ್ರೆ ಹೆಚ್ಚು. ಈ ಸಲವೂ ತುಂಬದಿದ್ರೆ ವಿಭಾಗ ಮುಚ್ಚಿ ನನ್ನನ್ನ ಮನೆಗೆ ಕಳಿಸೋದು ಅಂತ ತೀರ್ಮಾನ ಆಗಿತ್ತು. ಮಗಳ ಮನೆಗೆ ಹೋಗೋಕೆ ಪೆಟ್ಟಿಗೆ ಕಟ್ಟಿ ಕೂತಿದ್ದೆ. ಗಂಟೆ ಮೇಲೆ ಗಂಟೆ ಕೇಳಿ, ಏನಿದು ಅಂತ ನಾನೇ ಹುಡುಗಿ ಹಾಗೆ ಇಲ್ಲಿಗೆ ಫೋನ್ ಮಾಡ್ದೆ. ನನಗೇ ಮಣ್ಣು ಮಾರಿದ. ಸೇರ್ಬೇಕು ಅನ್ನಿಸಿಬಿಡ್ತು. ಮುಖ ಗೊತ್ತಿಲ್ಲ, ದನಿ ಮಾತ್ರ ಸಾಯೋವರೆಗೂ ಮರೆಯಲ್ಲ. ಎಲ್ಲಿ, ಒಬ್ಬೊಬ್ಬರೇ ಮಾತಾಡಿ."

ಮೇಲ್ವಿಚಾರಕರ ಜಂಬ ಇಳಿಯಿತು. ಹನ್ನೊಂದು ಗಂಟಲು ಮುಟ್ಟಿಕೊಂಡು, ದನಿ ಹೋಗಿದೆ ಎಂದು ಕೈಸನ್ನೆ ಮಾಡಿದ. ಬೆಳಗ್ಗೆಯಿಂದ ಬಡಬಡಿಸಿ ಗಂಟಲು ಕಟ್ಟಿರಬೇಕು ಪಾಪ ಎಂದು ಟೀಚರಮ್ಮ ಸೇರಿಸಿದರು. ಮೇಡಂ ಅವರ ಸಿಟ್ಟು ಆರಲಿ ಎಂದು, ಕೊನೆಗೆ ಸೇರಿದವನು ಮಾತ್ರ ನಿಜವಾಗಿ ಮಣ್ಣಿನ ಮೇಲೆ ಜೀವ ಇಟ್ಟವನು, ತಾನೇ ಮಾತಾಡಿಸಿದ್ದೇನೆ ಎಂದೂ ಹೇಳಿದರು. ಮೇಡಂ ಸ್ವಲ್ಪ ತಣ್ಣಗಾದರು. ಅಂಥವನು ಒಬ್ಬನಾದರೂ ಇದ್ದಾನಲ್ಲ ಎನ್ನುತ್ತ ಪರದೆಯ ಕಡೆ ಬಗ್ಗಿ, ಬದುಕೆಲ್ಲ ಹಾಜರಿ ಕೂಗಿ ಪಳಗಿದ ದನಿಯಲ್ಲಿ ಆ ಕೊನೆಯ ಹೆಸರನ್ನು ಗಟ್ಟಿಯಾಗಿ ಓದಿದರು.

ಒಂದನೇ ಕ್ಲಾಸಿನಿಂದ ಮೈಗೂಡಿದ ಅಭ್ಯಾಸವೆಂದರೆ ಅಭ್ಯಾಸ. ತಡೆಯುವ ಮೊದಲೇ ಬಾಯಿ ತನ್ನ ಕೆಲಸ ಮಾಡಿತ್ತು.

"ಪ್ರೆಸೆಂಟ್ ಮೇಡಂ," ಎಂದ ಹನ್ನೊಂದು. ಎದ್ದೂ ನಿಂತಿದ್ದ.

ಟೀಚರಮ್ಮನ ಕೈಯಿಂದ ಉಲ್ಲನ್ನಿನ ಉಂಡೆ ಜಾರಿ ಮೇಜುಗಳ ಕೆಳಗೆ ಉರುಳಿಕೊಂಡು ಹೋಯಿತು. ಮೇಡಂ ನಿಧಾನವಾಗಿ ನಡೆದು ಬಂದು ಅವನ ಎದುರು ನಿಂತರು. ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ, ಆ ದಿನ ಮೊದಲ ಸಲ, ನಕ್ಕರು.

"ನನ್ನ ರಜಾ ಕಿತ್ಕೊಂಡೋನು ನೀನೇನಾ? ಒಳ್ಳೇದಾಯ್ತು. ಇನ್ನು ಮೂರು ವರ್ಷ ನಿನಗೂ ಇಲ್ಲ. ಸೋಮವಾರ ಬೆಳಗ್ಗೆ, ಮುಂದಿನ ಬೆಂಚು."