ಹೆಸರು ನೋಡಿ ಒಳಗೆ ಬಿಟ್ಟವನು

ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಶೈಲಕ್ಕ ಹೇಳುತ್ತಾಳೆ, ಅದೂ ನನಗಿಂತ ಚೆನ್ನಾಗಿ. ಕೊಲ್ಹಾಪುರದ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ಎಲ್ಲರ ದನಿಯನ್ನೂ ನಕಲು ಮಾಡುವವನು ನಾನು. ಸಾಹೇಬರು ಕೆಮ್ಮಿ ಮಾತು ಶುರುಮಾಡುವುದು, ಗಡಹಿಂಗ್ಲಜದಿಂದ ದಿನಾ ಬರುವ ಹಿರಿಯ ಸಹೋದ್ಯೋಗಿ ಶೈಲಕ್ಕ ಕಂಡಕ್ಟರನ ಮೇಲಿನ ಸಿಟ್ಟನ್ನು ನಮ್ಮ ಮೇಲೆ ತೀರಿಸುವುದು, ಎಲ್ಲ ನನ್ನ ಬಾಯಲ್ಲಿವೆ. ನನ್ನ ಸ್ವಂತ ದನಿ ಯಾವುದೆಂದು ಅವ್ವನಿಗೂ ಈಗ ಅನುಮಾನ. ಇಂಥ ನಾನು ವೇಷ ಹಾಕಿದ ಒಂದು ಫೈಲಿಗೆ ಮೋಸಹೋದೆ.

ಇಚಲಕರಂಜಿಯ ಮಗ್ಗದ ಮಾಲೀಕ ಈರಪ್ಪ ಕಾಕಾ ಅವರಿಗಾಗಿ, ಬಟ್ಟೆಯ ನಮೂನೆಗಳ ಫೋಟೊ ಏರಿಸುವ ವೆಬ್‌ಸೈಟನ್ನು ಜಾವಾದಲ್ಲಿ ಬರೆದಿದ್ದೆ. ಅವತ್ತು ಮಧ್ಯಾಹ್ನ ಅವರು ಬಂದು ನೋಡಿ ಒಪ್ಪಿದರೆ ನನ್ನ ನೌಕರಿ ಕಾಯಂ, ಇಲ್ಲದಿದ್ದರೆ ಮನೆ. ಬಂದದ್ದು ಫೋಟೊ ಹೌದೋ ಅಲ್ಲವೋ ಎಂದು ತಿಳಿಯಲು ನಾನು ನೋಡುತ್ತಿದ್ದುದು ಫೈಲಿನ ಹೆಸರಿನ ಬಾಲವನ್ನಷ್ಟೇ. ಕೊನೆಗೆ ‘ಜೆಪಿಜಿ’ ಎಂದಿದ್ದರೆ, ಬಾರಪ್ಪಾ ಒಳಗೆ!

“ತಡಿ, ನಾ ಒಂದು ಸೀರಿ ಅಂಚು ಹಾಕ್ತೇನಿ,” ಎಂದು ಶೈಲಕ್ಕ ಒಂದು ಫೈಲು ಏರಿಸಿದಳು. ‘ಚಿತ್ರ ಸ್ವೀಕರಿಸಲಾಗಿದೆ’ ಎಂದು ಹಸಿರು ಅಕ್ಷರ ಮೂಡಿತು. ನಾನು ಕಾಲರ್ ಏರಿಸಿದೆ. ಆಕೆ ಅದೇ ಫೈಲನ್ನು ಇಳಿಸಿಕೊಂಡು, ಹೆಸರಿನ ಬಾಲ ಬದಲಿಸಿ, ಹೆಡ್‌ಫೋನನ್ನು ನನ್ನ ಕಿವಿಗಿಟ್ಟಳು. ಸೀರೆಯ ಅಂಚು ಕೆಮ್ಮಿತು! ಆಮೇಲೆ ಸಾಹೇಬರ ದನಿಯಲ್ಲಿ ಎಲ್ಲರಿಗೂ ರಜೆ ಕೊಟ್ಟಿತು. ಆಫೀಸಿನ ವಾಟ್ಸಾಪ್ ಗುಂಪಿಗೆ ನಾನೇ ಕಳಿಸಿದ್ದ ನಕಲಿ ದನಿಯ ಆಡಿಯೊ ಫೈಲಿಗೆ ಆಕೆ ಜೆಪಿಜಿ ಎಂದು ಹೆಸರಿಟ್ಟಿದ್ದಳು.

“ಇದು ಚ್ಯಾಷ್ಟಿ ಆತು. ನಾಳೆ ಯಾವನರೆ ವೈರಸ್ಸಿಗೆ ಹಿಂಗ ಹೆಸರಿಟ್ಟು ಕಳಿಸಿದ್ರ ಅದಕ್ಕೂ ಆರತಿ ಮಾಡ್ತಿಯೇನು?”

ಊಟದ ಡಬ್ಬಿ ಮುಚ್ಚಿಟ್ಟು ನನ್ನ ಪಕ್ಕ ಕುಳಿತಳು. ಫೈಲಿನ ನಿಜವಾದ ಜಾತಿ ಹೇಳುವ ಮೊದಲ ಬೈಟುಗಳನ್ನು ಓದಿಸಿದಳು, ನಿಜಕ್ಕೂ ಚಿತ್ರವಾಗಿ ತೆರೆಯುತ್ತದೆಯೇ ಎಂದು ನೋಡಿಸಿದಳು, ಗಾತ್ರಕ್ಕೆ ಮಿತಿ ಹಾಕಿಸಿದಳು. ಕೊನೆಗೆ ಬಂದ ಫೈಲಿನ ಹೆಸರನ್ನು ಕಿತ್ತು ನಮ್ಮದೇ ಹೆಸರಿಟ್ಟು, ಹೊರಗಿನವರ ಕೈಗೆ ನೇರ ಸಿಗದ ಜಾಗದಲ್ಲಿ ಫೈಲನ್ನು ಇಡಿಸಿದಳು.

ಕಾಕಾ ಬಂದು ಮೊದಲ ಫೈಲು ಏರಿಸಿದರು. ‘ಇದು ಚಿತ್ರವಲ್ಲ’ ಎಂದಿತು ವೆಬ್‌ಸೈಟು. ನನ್ನ ನೌಕರಿ ಬಾಗಿಲವರೆಗೆ ಹೋಗಿ ನಿಂತಿತು. ಕಾಕಾ ತೊಡೆ ತಟ್ಟಿ ನಕ್ಕರು: “ಖರೇನ ಹಿಡೀತಲ್ರಿ! ಪಿಡಿಎಫ್ ಇತ್ತು, ನೋಡೂಣಂತ ನಾನಽ ಜೆಪಿಜಿ ಅಂತ ಹೆಸರು ಬದಲಿ ಮಾಡಿದ್ನಿ. ಹುಡುಗ ಭಾಳ ಹುಷಾರ್ ಅದಾನ್ರಿ ಸಾಹೇಬ್ರ!”

ನೌಕರಿ ಕಾಯಂ ಆಯಿತು. ಹುಷಾರಾದವಳು ಮೂಲೆಯಲ್ಲಿ ತಣ್ಣನೆಯ ರೊಟ್ಟಿ ಮುರಿಯುತ್ತಿದ್ದಳು. ಉಪಕಾರ ನೆನೆಯಬೇಕೆಂದರೆ ನನ್ನ ಸ್ವಂತ ದನಿಯೇ ಸಿಗಲಿಲ್ಲ. ಸಾಹೇಬರು ಕಾಕಾರನ್ನು ಕಳಿಸಲು ಕೆಳಗಿಳಿದಾಗ, ಅವರ ಕ್ಯಾಬಿನ್ನಿನ ಫೋನಿನಿಂದ ಶೈಲಕ್ಕನಿಗೆ ಹಚ್ಚಿ, ಅವರಂತೆಯೇ ಕೆಮ್ಮಿ ಹೇಳಿದೆ: “ಶೈಲಾಬಾಯಿ, ಆ ಹುಡುಗ ನಿಮ್ಮ ಉಪಕಾರ ಜನ್ಮದಾಗ ಮರಿಯಾಂವ ಅಲ್ಲಂತರಿ.”

“ಹೆಸರು ಸಾಹೇಬರದ್ದು, ಒಳಗಿನ ಮಾಲು ನಿಂದು,” ಎಂದಳು ಶೈಲಕ್ಕ. “ಅಪ್‌ಲೋಡ್ ಆಗೂದಿಲ್ಲ. ಇಡು ಫೋನು.”