ದೊಡ್ಡತ್ತೆಯ ಶಾಂತಿಪಾಲನೆ

ಆ ಕಾಲದಲ್ಲಿ ಸರ್ಕಾರದವರು ನಮ್ಮ ದೊಡ್ಡತ್ತೆಯನ್ನು ವಿಯೆಟ್ನಾಂಗೆ ಕಳಿಸದೇ ಬಿಟ್ಟದ್ದು ದೊಡ್ಡ ತಪ್ಪು ಎಂದು ನಾನು ಇವತ್ತಿಗೂ ಹೇಳುತ್ತೇನೆ. ನಗುತ್ತೀರಾ? ನಗಿ! ಒಂದೇ ಸೂರಿನಡಿ ಇದ್ದು, ಇಬ್ಬರು ತಮ್ಮಂದಿರ ಜಗಳದಲ್ಲಿ ಯಾರ ಕಡೆಗೂ ವಾಲದೆ ಬದುಕಿದ ಇನ್ನೊಬ್ಬ ಹೆಂಗಸನ್ನು ತೋರಿಸಿ, ಆಮೇಲೆ ಮಾತಾಡೋಣ.

ನಾನು ಲಕ್ಷ್ಮೇಶ್ವರದಿಂದ ಬೆಟಗೇರಿಯ ನೇಕಾರರ ಓಣಿಗೆ ಸೊಸೆಯಾಗಿ ಬಂದಾಗ ನಮ್ಮ ಮಾವನವರೂ ಅವರ ತಮ್ಮ ಸಣ್ಣ ಮಾವನೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಸೀರೆಯ ಅಂಚು ದೊಡ್ಡದಿರಬೇಕೋ ಸಣ್ಣದಿರಬೇಕೋ ಎಂದು ಶುರುವಾದ ಜಗಳವಂತೆ! ಅಂಚಿನ ವಿಷಯ ಅಲ್ಲೇ ಉಳಿಯಿತು, ಮನೆಯಲ್ಲಿ ಒಲೆ ಮಾತ್ರ ಎರಡಾದವು. ಇಬ್ಬರಿಗೂ ಅಕ್ಕ ನಮ್ಮ ದೊಡ್ಡತ್ತೆ. ಗಂಡ ತೀರಿದ ಮೇಲೆ ತವರಿಗೆ ಬಂದು, ಎರಡು ಪಾಲಿನ ನಡುವಿನ ಪಡಸಾಲೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದರು. ತಾನು ಕಣ್ಣು ಮುಚ್ಚುವುದರೊಳಗೆ ತಮ್ಮಂದಿರು ಮಾತಾಡಬೇಕು ಎನ್ನುವುದೊಂದೇ ಅವರ ಆಸೆ.

ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದ ಪತ್ರಿಕೆ ಚಹಾದಂಗಡಿ ಸುತ್ತಿ ಮಧ್ಯಾಹ್ನ ನಮ್ಮ ಕಟ್ಟೆಗೆ ಬರುತ್ತಿತ್ತು. ದೊಡ್ಡತ್ತೆ ಅದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ, ಮಗ್ಗದ ಸದ್ದು ಮೀರಿಸಿ ಓದುತ್ತಿದ್ದರು. ಐವತ್ತನಾಲ್ಕರಲ್ಲಿ ಒಂದು ದಿನ ಮೊದಲ ಪುಟದ ತುಂಬ ಒಂದೇ ಸುದ್ದಿ. ವಿಯೆಟ್ನಾಂನಲ್ಲಿ ಯುದ್ಧ ನಿಂತಿದೆ, ಗೆರೆ ಎಳೆದು ದೇಶವನ್ನು ಎರಡು ಪಾಲು ಮಾಡಿದ್ದಾರೆ, ಎರಡು ವರ್ಷದಲ್ಲಿ ಚುನಾವಣೆ ನಡೆಸಿ ಮತ್ತೆ ಒಂದು ಮಾಡುತ್ತಾರೆ. ಅಲ್ಲಿಯವರೆಗೆ ನಡುವೆ ನಿಂತು ನೋಡಿಕೊಳ್ಳುವ ಮಂಡಳಿಗೆ ನಮ್ಮ ದೇಶವೇ ಅಧ್ಯಕ್ಷ! ಹೊರಟು ನಿಂತ ನಮ್ಮ ಸೈನಿಕರ ಫೋಟೊ ಬೇರೆ.

“ಕೇಳಿದ್ರೇನ್ರಲೇ? ಯಾರ ಕಡಿಗೂ ಆಗದ ನಡುವ ನಿಂದ್ರೂದು! ಇಷ್ಟು ದಿನ ನಾ ಮಾಡಾಕತ್ತಿದ್ದು ಮತ್ತೇನು?” ಎಂದು ಎರಡೂ ಪಾಲಿಗೆ ಕೇಳುವಂತೆ ಕೂಗಿದರು.

ಅಂದಿನಿಂದ ಅವರ ಊಟ ಒಂದು ಹೊತ್ತು ಈ ಒಲೆ, ಒಂದು ಹೊತ್ತು ಆ ಒಲೆ. ನಮ್ಮತ್ತೆ ಪುಂಡಿಪಲ್ಯ ಬಡಿಸಿ “ಹೆಂಗಾಗೇತ್ರಿ?” ಎಂದರೆ “ಆ ಮನಿದೂ ಹಿಂಗs ಇತ್ತು” ಎನ್ನುವರು. ಆ ಮನೆಯಲ್ಲೂ ಅದೇ ಉತ್ತರ! ಎಷ್ಟೋ ವರ್ಷದ ಮೇಲೆ ಎರಡೂ ಅಡುಗೆಮನೆಯ ಹೆಂಗಸರು ಒಂದಾದರು, ದೊಡ್ಡತ್ತೆಯನ್ನು ಬೈಯುವುದಕ್ಕೆ.

ಮಗ್ಗಕ್ಕೆ ಏರಿಸುವ ಮೊದಲು ಉದ್ದೆಳೆಯ ಹಾಸುನೂಲಿಗೆ ಗಂಜಿ ಹಚ್ಚುವ ಬೆಳಗಿನ ಮಜಾ ಬೇರೆಯೇ. ನೂಲನ್ನು ಓಣಿಯುದ್ದಕ್ಕೂ ಚಾಚಿ ಎರಡು ತುದಿಯಲ್ಲಿ ಇಬ್ಬರು ಬಿಗಿಯಾಗಿ ಹಿಡಿಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ, ಮಾತು ಬಿಟ್ಟವರೂ ಹಿಡಿಯಲೇಬೇಕು.

“ಅಕ್ಕಾ, ಆ ಕಡಿಯವರಿಗೆ ಬಿಗಿ ಎಳಿಯಾಕ ಹೇಳು” ಎಂದು ಮಾವನವರು.

“ಅಕ್ಕಾ, ಎಳದs ನಿಂತೀವಿ ಅಂತ ಹೇಳು” ಎಂದು ಸಣ್ಣ ಮಾವ.

ಇಡೀ ಓಣಿಗೆ ಕೇಳಿಸಿದ ಆ ಮಾತನ್ನು ದೊಡ್ಡತ್ತೆ ಅತ್ತಿಂದಿತ್ತ ಓಡಾಡಿ ಚಾಚೂ ತಪ್ಪದೆ ಒಪ್ಪಿಸುವರು. “ಅವರಿಗೆ ಕೇಳಿಸೇತಲ್ರೀ” ಎಂದೆ ಒಮ್ಮೆ.

“ಸುಮ್ನಿರು ಸಣ್ಣಾಕಿ. ಕೇಳ್ಸೂದು ಬ್ಯಾರೆ, ಮುಟ್ಟೂದು ಬ್ಯಾರೆ.”

ಕೊನೆಗೆ ಮನೆಯಲ್ಲೂ ಚುನಾವಣೆ ಘೋಷಿಸಿದರು! ಒಲೆ ಒಂದಿರಬೇಕೋ ಎರಡೋ? ಪಡಸಾಲೆಯಲ್ಲಿ ಎರಡು ಗಡಿಗೆ, ವೋಟಿಗೆ ತಲೆಗೊಂದು ಕಡಲೆಕಾಳು. ಮಾವನವರು “ಪಂಚಮಿ ಆಗ್ಲಿ” ಎಂದರು, ಸಣ್ಣ ಮಾವ “ದೀಪಾವಳಿ ಆಗ್ಲಿ” ಎಂದರು. ಗಡಿಗೆಗಳಲ್ಲಿ ಜೇಡ ಬಲೆ ಕಟ್ಟಿತು.

ಅಲ್ಲಿಯದೂ ಅದೇ ಕತೆ. ಮೊದಲ ಪುಟದ ವಿಯೆಟ್ನಾಂ ಒಳಪುಟಕ್ಕೆ ಸರಿಯಿತು, ಆಮೇಲೆ ತಲೆಗೆಣ್ಣೆಯ ಜಾಹೀರಾತಿನ ಕೆಳಗೆ ಎರಡು ಸಾಲಾಯಿತು. ಎರಡು ವರ್ಷ ಮುಗಿಯಿತು, ಚುನಾವಣೆ ಆಗಲಿಲ್ಲ.

“ನಮ್ಮವರು ಹೊಂಟಾಗ ಅಷ್ಟು ದೊಡ್ಡ ಫೋಟೊ ಹಾಕಿದ್ರು. ಆ ಮಂದಿ ಒಂದಾಗ್ಲಿಲ್ಲ ಅನ್ನೂದು ಖಬರ ಅಲ್ಲೇನು?” ಎಂದು ದೊಡ್ಡತ್ತೆ ಪತ್ರಿಕೆಯನ್ನೇ ದಬಾಯಿಸಿದರು. ನಾನೂ ಯೋಚಿಸಿದೆ. ಅಷ್ಟು ದಿನ ನಾವು ಓದಿದ್ದು ನಮ್ಮ ದೇಶಕ್ಕೆ ಬಂದ ಮಾನದ ಸುದ್ದಿ. ಗೆರೆಯ ಆಚೆ ಉಳಿದ ಅಣ್ಣನೋ ತಂಗಿಯೋ ಹೇಗಿದ್ದಾರೆಂದು ಯಾರು ಬರೆದಿದ್ದರು?

ಕನ್ನಡ ನಾಡು ಒಂದಾಗುವ ಹೊತ್ತಿಗೆ ದೊಡ್ಡತ್ತೆ ಜ್ವರದಿಂದ ಮಲಗಿಬಿಟ್ಟರು. ಹೊಟ್ಟೆಗೆ ಏನಾದರೂ ಹೋಗದಿದ್ದರೆ ಕಷ್ಟ ಎಂದರು ಡಾಕ್ಟರು. ಮಾವನವರು ಒಂದು ಬಟ್ಟಲು ಅಂಬಲಿ ತಂದು ಬಲಕ್ಕೆ ಕುಳಿತರು, ಸಣ್ಣ ಮಾವ ಇನ್ನೊಂದು ತಂದು ಎಡಕ್ಕೆ ಕುಳಿತರು.

“ಯಾರದು ಮೊದಲ ಕುಡದ್ರೂ ಒಬ್ರ ಕಡೆ ಆದಂಗ ಆಗ್ತೈತಿ. ನನಗ ಬ್ಯಾಡ” ಎಂದು ದೊಡ್ಡತ್ತೆ ಬಾಯಿ ಬಿಗಿದರು.

ಮೊದಲು ನಮಗೆಲ್ಲ ನಗು ಬಂತು. ಸಂಜೆಯಾಯಿತು, ಅವರ ತುಟಿ ಒಣಗಿತು, ಯಾರಿಗೂ ನಗು ಉಳಿಯಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಬಟ್ಟಲು ಹಿಡಿದ ಮಾವನವರು ತಮ್ಮನ ಮುಖವನ್ನೇ ನೋಡಿದರು.

“ನೀನs ಮೊದಲ ಕುಡಸಪಾ.”

“ಬ್ಯಾಡಣ್ಣಾ, ನೀ ದೊಡ್ಡಾವ. ನೀ ಕುಡಸು.”

ಅಷ್ಟು ಹೇಳಿ ಸಣ್ಣ ಮಾವ ತಮ್ಮ ಅಂಬಲಿಯನ್ನು ಅಣ್ಣನ ಬಟ್ಟಲಿಗೆ ಸುರಿದರು. ದೊಡ್ಡತ್ತೆ ಕಣ್ಣು ತೆರೆದರು. “ಮುಟ್ಟಿತೇನ್ರಲೇ? ಇಲ್ಲಾ ನಾ ಎದ್ದು ಹೇಳ್ಬೇಕೋ?”

ಇಬ್ಬರೂ ಮುದುಕರು ಮಕ್ಕಳಂತೆ ಅತ್ತರು. ದೊಡ್ಡತ್ತೆ ಬಟ್ಟಲು ಬರಿದು ಮಾಡಿದರು.

ಮರುದಿನದ ಪತ್ರಿಕೆ ತುಂಬ ನಮ್ಮ ಹೊಸ ರಾಜ್ಯದ ಸಂಭ್ರಮ. ನಾನೇ ಓದಿ ಹೇಳಿದೆ. ದೊಡ್ಡತ್ತೆ ಎಲ್ಲ ಕೇಳಿ, “ಆ ವಿಯೆಟ್ನಾಂದವರದು?” ಎಂದರು. ಪುಟ ಪುಟ ಹುಡುಕಿದೆ.

“ಏನೂ ಬಂದಿಲ್ರಿ.”

ದೊಡ್ಡತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ನಮ್ಮವರು ಯಾರ ಕಡಿಗೂ ಆಗದ ನಿಂತ್ರು, ಖರೆ. ಆದ್ರ ಅವರು ಹೊರಗಿನವರವ್ವಾ. ಅಲ್ಲೆ ಒಬ್ಬಾಕಿ ಅಕ್ಕ ಇರಬೇಕಾಗಿತ್ತು ನೋಡು.”